ಬ್ಯಾಂಡ್ ಬಿಟ್ಟು ಒಂಟಿಯಾಗಿ ಹಾಡಿದವರು: ರಾಕ್ ಗಾಯಕರ ಸೋಲೊ ಪಯಣದಲ್ಲಿ ಗೆದ್ದವರಾರು, ಮರಳಿ ಬಂದವರಾರು?

ದನಿ ಅದೇ, ಹೆಸರು ಅದೇ, ಅಭಿಮಾನಿಗಳೂ ಅವರೇ. ಆದರೂ ಬ್ಯಾಂಡ್‌ನಲ್ಲಿದ್ದಾಗ ಹುಚ್ಚೆಬ್ಬಿಸುತ್ತಿದ್ದ ಗಾಯಕ ಒಬ್ಬನೇ ಆಲ್ಬಂ ಮಾಡಿದಾಗ ಏನೋ ಕಡಿಮೆಯಾಗಿದೆ ಅನ್ನಿಸುವುದೇಕೆ? ಮತ್ತೆ ಕೆಲವರು ಬ್ಯಾಂಡ್ ಬಿಟ್ಟ ಮೇಲೆಯೇ ಇನ್ನಷ್ಟು ಎತ್ತರಕ್ಕೆ ಏರುವುದು ಹೇಗೆ? ಕ್ವೀನ್, ರೋಲಿಂಗ್ ಸ್ಟೋನ್ಸ್, ಪೊಲೀಸ್, ಜೆನೆಸಿಸ್, ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್, ಲೆಡ್ ಝೆಪೆಲಿನ್ ಎಂಬ ಏಳು ಬ್ರಿಟಿಷ್ ಬ್ಯಾಂಡ್‌ಗಳ ಕಥೆಯಲ್ಲಿ ಇದಕ್ಕೆ ಉತ್ತರ ಹುಡುಕಬಹುದು. ಇವುಗಳಲ್ಲಿ ಹಲವಕ್ಕೆ ಮುಂಬೈ, ಬೆಂಗಳೂರಿನ ನಂಟೂ ಇದೆ.

ಬ್ಯಾಂಡ್‌ನ 'ಕೆಮಿಸ್ಟ್ರಿ' ಅಂದರೇನು?

ನಮ್ಮ ಸಿನಿಮಾ ಹಾಡುಗಳಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ಸಾಹಿತ್ಯ ಒಬ್ಬರದು, ಸಂಗೀತ ಮತ್ತೊಬ್ಬರದು, ಗಾಯನ ಇನ್ನೊಬ್ಬರದು. ರಾಕ್ ಬ್ಯಾಂಡ್ ಹಾಗಲ್ಲ. ಮೂರೋ ನಾಲ್ಕೋ ಮಂದಿ ಒಂದೇ ಕೋಣೆಯಲ್ಲಿ ಕೂತು ಬರೆದು, ನುಡಿಸಿ, ಜಗಳವಾಡಿ ಹಾಡು ಕಟ್ಟುತ್ತಾರೆ. ವೇದಿಕೆಯ ಮುಂದೆ ನಿಂತು ಹಾಡುವವನೇ ಫ್ರಂಟ್‌ಮ್ಯಾನ್. ಜನರ ಕಣ್ಣು ಅವನ ಮೇಲೆ. ಆದರೆ ಹಾಡಿನ ಗುರುತು ಎಷ್ಟೋ ಬಾರಿ ಗಿಟಾರ್‌ನ ಒಂದು ತುಣುಕಿನಲ್ಲಿ ಅಥವಾ ಡ್ರಮ್ಸ್‌ನ ಒಂದು ಪೆಟ್ಟಿನಲ್ಲಿ ಇರುತ್ತದೆ.

ಜತೆಗೆ ಇನ್ನೊಂದು ಸಂಗತಿಯಿದೆ. ಬ್ಯಾಂಡ್‌ನಲ್ಲಿ ಎಲ್ಲರೂ ಪಾಲುದಾರರು. 'ಇದು ಚೆನ್ನಾಗಿಲ್ಲ, ಬೇಡ' ಎಂದು ಹೇಳುವ ಹಕ್ಕು ಪ್ರತಿಯೊಬ್ಬರಿಗೂ ಇರುತ್ತದೆ. ಸೋಲೊ ಆಲ್ಬಂನಲ್ಲಿ ನುಡಿಸುವವರು ಸಂಬಳಕ್ಕೆ ಬಂದವರು. ಅವರು ಎಷ್ಟೇ ದೊಡ್ಡ ಕಲಾವಿದರಾದರೂ ಕೊನೆಯ ಮಾತು ಗಾಯಕನದೇ. ಸೋಲೊ ಪಯಣದ ಸೋಲು ಗೆಲುವಿನಲ್ಲಿ ಈ ವ್ಯತ್ಯಾಸದ ಪಾತ್ರ ದೊಡ್ಡದು.

ಫ್ರೆಡ್ಡಿ ಮರ್ಕ್ಯುರಿ: ಒಂದೇ ದನಿ, ಎರಡು ರೂಪ

ಕ್ವೀನ್ ಬ್ಯಾಂಡ್‌ನ ಫ್ರೆಡ್ಡಿ ಮರ್ಕ್ಯುರಿ ಮೂಲ ಹೆಸರು ಫಾರೂಖ್ ಬುಲ್ಸಾರಾ. 1946ರಲ್ಲಿ ಜಾಂಜಿಬಾರ್‌ನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಇವರು ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ಪುಣೆ, ಮುಂಬೈ ಮಂದಿ ಬೇಸಿಗೆಯಲ್ಲಿ ತಂಪು ಅರಸಿ ಹೋಗುವ ಅದೇ ಪಂಚಗಣಿ. 'ದಿ ಹೆಕ್ಟಿಕ್ಸ್' ಎಂಬ ಶಾಲಾ ತಂಡದಲ್ಲಿ ಅವರು ಪಿಯಾನೊ ನುಡಿಸುತ್ತಿದ್ದರು. ಅಂದರೆ ಅವರ ಮೊದಲ ಬ್ಯಾಂಡ್ ಹುಟ್ಟಿದ್ದು ಭಾರತದಲ್ಲಿ.

2018ರ 'ಬೊಹಿಮಿಯನ್ ರಾಪ್ಸೊಡಿ' ಸಿನಿಮಾ ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಫ್ರೆಡ್ಡಿ ತಾನು ಸೋಲೊ ಆಲ್ಬಂ ಮಾಡುವುದಾಗಿ ಹೇಳುತ್ತಾರೆ, ಉಳಿದವರು ಅದನ್ನು ದ್ರೋಹವೆಂದು ಭಾವಿಸುತ್ತಾರೆ, ಬ್ಯಾಂಡ್ ಒಡೆಯುತ್ತದೆ. 'ಲೈವ್ ಏಡ್' ಕಾರ್ಯಕ್ರಮಕ್ಕೆ ಎಲ್ಲರೂ ಮತ್ತೆ ಒಂದಾಗುತ್ತಾರೆ.

ನಿಜವಾಗಿ ನಡೆದದ್ದು ಬೇರೆ. ಕ್ವೀನ್‌ನಲ್ಲಿ ಮೊದಲು ಸೋಲೊ ಆಲ್ಬಂ ತಂದವರು ಡ್ರಮ್ಮರ್ ರೋಜರ್ ಟೇಲರ್. ಅವರ 'ಫನ್ ಇನ್ ಸ್ಪೇಸ್' 1981ರಲ್ಲೇ ಬಂದಿತ್ತು. ಗಿಟಾರ್ ವಾದಕ ಬ್ರಯಾನ್ ಮೇ 1983ರಲ್ಲಿ 'ಸ್ಟಾರ್ ಫ್ಲೀಟ್ ಪ್ರಾಜೆಕ್ಟ್' ತಂದರು. ಫ್ರೆಡ್ಡಿಯ 'ಮಿಸ್ಟರ್ ಬ್ಯಾಡ್ ಗೈ' ಬಂದದ್ದು ಆ ನಂತರ, 1985ರ ಏಪ್ರಿಲ್‌ನಲ್ಲಿ. ಬ್ಯಾಂಡ್ ಒಡೆದೂ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ರಿಯೊ ಡಿ ಜನೈರೊದಲ್ಲಿ, ಮೇ ತಿಂಗಳಲ್ಲಿ ಜಪಾನಿನಲ್ಲಿ ಕ್ವೀನ್ ಕಾರ್ಯಕ್ರಮ ಕೊಟ್ಟಿತ್ತು. ಲೈವ್ ಏಡ್ ನಡೆದದ್ದು ಜುಲೈ 13ರಂದು.

ಮ್ಯೂನಿಕ್‌ನಲ್ಲಿ ಧ್ವನಿಮುದ್ರಣವಾದ 'ಮಿಸ್ಟರ್ ಬ್ಯಾಡ್ ಗೈ' ಬ್ರಿಟನ್‌ನಲ್ಲಿ 6ನೇ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ ಮೊದಲ 100ರೊಳಗೂ ಬರಲಿಲ್ಲ. ಸಿಂಥಸೈಜರ್, ಡಿಸ್ಕೊ ಲಯ, ಜತೆಗೆ ಫ್ರೆಡ್ಡಿಯ ದನಿ. ಇಲ್ಲದಿದ್ದದ್ದು ಬ್ರಯಾನ್ ಮೇ ಗಿಟಾರ್ ಮತ್ತು ಕೋರಸ್‌ನಲ್ಲಿ ಸೇರುತ್ತಿದ್ದ ಸಂಗಡಿಗರ ಕಂಠ. ಕ್ವೀನ್‌ನಲ್ಲಿ ನಾಲ್ವರೂ ಹಾಡು ಬರೆಯುತ್ತಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. 'ವಿ ವಿಲ್ ರಾಕ್ ಯು' ಬ್ರಯಾನ್ ಮೇ ಅವರದು. 'ರೇಡಿಯೊ ಗಾ ಗಾ' ರೋಜರ್ ಟೇಲರ್ ಅವರದು. 1980ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಬರೆದದ್ದು ಸದಾ ಹಿಂದೆಯೇ ನಿಲ್ಲುತ್ತಿದ್ದ ಬಾಸ್ ಗಿಟಾರ್ ವಾದಕ ಜಾನ್ ಡೀಕನ್. ಒಬ್ಬನ ಆಲ್ಬಂನಲ್ಲಿ ಈ ಮೂವರ ಹಾಡುಗಳಿಗೆ ಜಾಗವಿರಲಿಲ್ಲ.

ಫ್ರೆಡ್ಡಿಯ ಸೋಲೊ ಕೆಲಸದಲ್ಲಿ ಇಂದಿಗೂ ಎದ್ದು ಕಾಣುವುದು 1988ರ 'ಬಾರ್ಸಿಲೋನಾ' ಆಲ್ಬಂ. ಅದರಲ್ಲಿ ಅವರ ಜತೆ ಹಾಡಿದವರು ಸ್ಪೇನಿನ ಒಪೆರಾ ಗಾಯಕಿ ಮೊಂಟ್ಸೆರಾಟ್ ಕಬಾಯೆ, ಜತೆಯಲ್ಲಿ ಹಾಡು ಕಟ್ಟಿದವರು ಮೈಕ್ ಮೊರಾನ್. ಅಲ್ಲಿ ಫ್ರೆಡ್ಡಿ ಒಬ್ಬರೇ ಇರಲಿಲ್ಲ. ತನಗೆ ಸಮನಾದ ಇನ್ನೊಂದು ಕಂಠದ ಎದುರು ಹಾಡಬೇಕಿತ್ತು.

1991ರ ನವೆಂಬರ್ 24ರಂದು ಫ್ರೆಡ್ಡಿ ತೀರಿಕೊಂಡರು. 1995ರಲ್ಲಿ ಉಳಿದ ಮೂವರು 'ಮೇಡ್ ಇನ್ ಹೆವನ್' ಆಲ್ಬಂ ಸಿದ್ಧಪಡಿಸುವಾಗ 'ಮಿಸ್ಟರ್ ಬ್ಯಾಡ್ ಗೈ'ಯ ಎರಡು ಹಾಡುಗಳನ್ನು ಎತ್ತಿಕೊಂಡರು. ಫ್ರೆಡ್ಡಿಯ ದನಿಯನ್ನು ಉಳಿಸಿಕೊಂಡು ಸುತ್ತಲಿನ ಸಂಗೀತವನ್ನು ತಾವೇ ಹೊಸದಾಗಿ ನುಡಿಸಿದರು. 'ಐ ವಾಸ್ ಬಾರ್ನ್ ಟು ಲವ್ ಯು' ಮತ್ತು 'ಮೇಡ್ ಇನ್ ಹೆವನ್' ಹಾಡುಗಳ ಎರಡೂ ಆವೃತ್ತಿಗಳನ್ನು ಒಂದಾದ ಮೇಲೊಂದು ಕೇಳಿದರೆ ಕೆಮಿಸ್ಟ್ರಿ ಅಂದರೇನು ಎಂದು ಬೇರೆ ವಿವರಣೆ ಬೇಕಾಗುವುದಿಲ್ಲ. ಗೆಳೆಯನ ಸೋಲೊ ಹಾಡನ್ನು ಅವನಿಲ್ಲದ ಹೊತ್ತಿನಲ್ಲಿ ಬ್ಯಾಂಡ್ ತನ್ನದಾಗಿಸಿಕೊಂಡಿತ್ತು.

ಮಿಕ್ ಜಾಗರ್: ದಿಗ್ಗಜರಿದ್ದರೂ ಜತೆಗಾರ ಇರಲಿಲ್ಲ

ರೋಲಿಂಗ್ ಸ್ಟೋನ್ಸ್‌ನಲ್ಲಿ ಗಾಯಕ ಮಿಕ್ ಜಾಗರ್ ಮತ್ತು ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಜೋಡಿಯಾಗಿ ಹಾಡು ಬರೆಯುತ್ತಿದ್ದರು. 1985ರಲ್ಲಿ ಜಾಗರ್ 'ಶೀ ಈಸ್ ದ ಬಾಸ್' ಎಂಬ ಮೊದಲ ಸೋಲೊ ಆಲ್ಬಂ ತಂದಾಗ ಜತೆಗಿದ್ದವರು ಸಾಮಾನ್ಯರಲ್ಲ. ಗಿಟಾರ್‌ಗೆ ಜೆಫ್ ಬೆಕ್, ಕೀಬೋರ್ಡ್‌ಗೆ ಹರ್ಬಿ ಹ್ಯಾನ್‌ಕಾಕ್, ನಿರ್ಮಾಣದಲ್ಲಿ ನೈಲ್ ರಾಜರ್ಸ್. ಆಲ್ಬಂ ಚೆನ್ನಾಗಿಯೇ ಮಾರಾಟವಾಯಿತು.

ಆದರೆ ಬ್ಯಾಂಡ್‌ಗೆ ಅದರಿಂದ ಪೆಟ್ಟು ಬಿತ್ತು. 1986ರಲ್ಲಿ ಸ್ಟೋನ್ಸ್‌ನ 'ಡರ್ಟಿ ವರ್ಕ್' ಆಲ್ಬಂ ಬಂದಾಗ ಅದಕ್ಕಾಗಿ ಪ್ರವಾಸ ಹೊರಡಲು ಜಾಗರ್ ಒಪ್ಪಲಿಲ್ಲ. 1987ರಲ್ಲಿ ಎರಡನೇ ಸೋಲೊ ಆಲ್ಬಂ 'ಪ್ರಿಮಿಟಿವ್ ಕೂಲ್' ತಂದರು. ಅದು ಮೊದಲಿನದರಷ್ಟು ಓಡಲಿಲ್ಲ. ಮರುವರ್ಷ ಬೇರೆ ವಾದಕರನ್ನು ಕಟ್ಟಿಕೊಂಡು ಜಪಾನ್, ಆಸ್ಟ್ರೇಲಿಯಾ ಸುತ್ತಿದರು. ವೇದಿಕೆಯಲ್ಲಿ ಹಾಡಿದ್ದರಲ್ಲಿ ಸ್ಟೋನ್ಸ್‌ನ ಹಾಡುಗಳು ಸಾಕಷ್ಟಿದ್ದವು. ಇತ್ತ ರಿಚರ್ಡ್ಸ್ 1988ರಲ್ಲಿ ತಮ್ಮದೇ 'ಟಾಕ್ ಈಸ್ ಚೀಪ್' ತಂದು, ಅದರ ಒಂದು ಹಾಡಿನಲ್ಲಿ ಜಾಗರ್‌ಗೆ ನೇರವಾಗಿಯೇ ಚುಚ್ಚಿದರು. ಈ ಜಗಳದ ವರ್ಷಗಳನ್ನು ರಿಚರ್ಡ್ಸ್ ಮೂರನೇ ಮಹಾಯುದ್ಧವೆಂದೇ ಕರೆದರು.

1989ರ ಆರಂಭದಲ್ಲಿ ಇಬ್ಬರೂ ಬಾರ್ಬಡೋಸ್‌ನಲ್ಲಿ ಭೇಟಿಯಾಗಿ ಮತ್ತೆ ಹಾಡು ಬರೆಯಲು ಕೂತರು. ಅದೇ ವರ್ಷ 'ಸ್ಟೀಲ್ ವೀಲ್ಸ್' ಬಂತು, ಭಾರಿ ಪ್ರವಾಸವೂ ನಡೆಯಿತು. ಆ ಪುನರ್ಮಿಲನದ ಫಲ ನಮಗೂ ಸಿಕ್ಕಿತು. 2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರು ಮತ್ತು ಮುಂಬೈಯಲ್ಲಿ ಕಾರ್ಯಕ್ರಮ ಕೊಟ್ಟರು. 2011ರಲ್ಲಿ ಜಾಗರ್ 'ಸೂಪರ್‌ಹೆವಿ' ಎಂಬ ತಂಡದಲ್ಲಿ ಎ.ಆರ್. ರೆಹಮಾನ್ ಜತೆ ಸೇರಿ 'ಸತ್ಯಮೇವ ಜಯತೇ' ಎಂಬ ಹಾಡಿಗೆ ಸಂಸ್ಕೃತದಲ್ಲೂ ದನಿಗೂಡಿಸಿದರು. ಇಷ್ಟೆಲ್ಲ ಪ್ರಯೋಗ ಮಾಡಿದರೂ ಜಾಗರ್ ಎಂದೊಡನೆ ಜನರಿಗೆ ಇಂದಿಗೂ ನೆನಪಾಗುವುದು ರಿಚರ್ಡ್ಸ್ ಜತೆ ಬರೆದ ಹಾಡುಗಳೇ.

ಸ್ಟಿಂಗ್: ಹಾಡು ಯಾರದು, ಹಣ ಯಾರಿಗೆ?

ಮೂವರ ಬ್ಯಾಂಡ್ 'ದಿ ಪೊಲೀಸ್' 1980ರ ಮಾರ್ಚ್‌ನಲ್ಲಿ ಮುಂಬೈಯ ರಂಗಭವನದಲ್ಲಿ ಹಾಡಿತ್ತು. ಆಗಿನ್ನೂ ಅವರು ಮೇಲೇರುತ್ತಿದ್ದ ಕಾಲ. 1983ರ ಹೊತ್ತಿಗೆ 'ಸಿಂಕ್ರೊನಿಸಿಟಿ' ಆಲ್ಬಂ ಮತ್ತು 'ಎವೆರಿ ಬ್ರೆತ್ ಯು ಟೇಕ್' ಹಾಡಿನ ಮೂಲಕ ಜಗತ್ತಿನ ಅತಿ ದೊಡ್ಡ ಬ್ಯಾಂಡ್‌ಗಳಲ್ಲಿ ಒಂದಾಗಿದ್ದರು. ಆ ಹಾಡು ಅಮೆರಿಕದಲ್ಲಿ 8 ವಾರ ಮೊದಲ ಸ್ಥಾನದಲ್ಲಿತ್ತು. ಗಾಯಕ ಸ್ಟಿಂಗ್ ಮತ್ತು ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ನಡುವೆ ಮಾತ್ರ ಸದಾ ಕಿತ್ತಾಟ. ಗೆಲುವಿನ ತುದಿಯಲ್ಲೇ ಬ್ಯಾಂಡ್ ನಿಂತಿತು.

ಸ್ಟಿಂಗ್ ಸೋಲೊ ಪಯಣದಲ್ಲಿ ಸೋಲಲಿಲ್ಲ. ಕಾರಣ ಎರಡು. ಮೊದಲನೆಯದು, ಪೊಲೀಸ್‌ನ ಹಿಟ್ ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವರು ಅವರೇ. ಬರೆಯುವ ಕೈ ಬ್ಯಾಂಡ್ ಬಿಟ್ಟರೂ ಜತೆಗೇ ಇತ್ತು. ಎರಡನೆಯದು, ಅವರು ಇನ್ನೊಂದು ಪೊಲೀಸ್ ಕಟ್ಟಲು ಹೋಗಲಿಲ್ಲ. 1985ರ 'ದ ಡ್ರೀಮ್ ಆಫ್ ದ ಬ್ಲೂ ಟರ್ಟಲ್ಸ್' ಆಲ್ಬಂಗೆ ಬ್ರಾನ್‌ಫರ್ಡ್ ಮಾರ್ಸಾಲಿಸ್, ಕೆನ್ನಿ ಕರ್ಕ್‌ಲ್ಯಾಂಡ್ ಅವರಂಥ ಯುವ ಜಾಝ್ ವಾದಕರನ್ನು ಕರೆತಂದರು. ತನಗಿಂತ ಭಿನ್ನವಾಗಿ ಯೋಚಿಸುವವರ ನಡುವೆ ತಾನೇ ಹೋಗಿ ನಿಂತರು.

ಆದರೆ ಹಾಡು ಬರೆದವರು ಯಾರು ಎಂಬ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 'ಎವೆರಿ ಬ್ರೆತ್ ಯು ಟೇಕ್' ಕೇಳಿದವರಿಗೆ ಮೊದಲು ನೆನಪಾಗುವುದು ಆಂಡಿ ಸಮ್ಮರ್ಸ್ ನುಡಿಸಿದ ಗಿಟಾರ್. 1997ರಲ್ಲಿ ಪಫ್ ಡ್ಯಾಡಿ ಅದೇ ತುಣುಕನ್ನು ಬಳಸಿ ಹಾಡು ಮಾಡಿದಾಗ ಅದೂ ದೊಡ್ಡ ಹಿಟ್ ಆಯಿತು. ಆದರೆ ದಾಖಲೆಯಲ್ಲಿ ಮೂಲ ಹಾಡಿನ ರಚನೆಕಾರ ಸ್ಟಿಂಗ್ ಒಬ್ಬರೇ. ಹೀಗಾಗಿ ರಚನೆಯ ರಾಯಲ್ಟಿ ಹೋದದ್ದೂ ಅವರಿಗೇ. 2007-08ರಲ್ಲಿ ಮೂವರೂ ಸೇರಿ ಪುನರ್ಮಿಲನದ ಪ್ರವಾಸ ಮಾಡಿದರೂ ಈ ಗಾಯ ಮಾಯಲಿಲ್ಲ. 2025ರಲ್ಲಿ ಸಮ್ಮರ್ಸ್ ಮತ್ತು ಕೋಪ್‌ಲ್ಯಾಂಡ್ ರಾಯಲ್ಟಿ ವಿಚಾರವಾಗಿ ಸ್ಟಿಂಗ್ ವಿರುದ್ಧ ಲಂಡನ್ ಹೈಕೋರ್ಟ್ ಮೆಟ್ಟಿಲೇರಿದರು.

ಕ್ವೀನ್ ಇದಕ್ಕೆ ಬೇರೆ ದಾರಿ ಕಂಡುಕೊಂಡಿತ್ತು. 1989ರ 'ದ ಮಿರಾಕಲ್' ಆಲ್ಬಂನಿಂದ ಹಾಡು ಯಾರೇ ಬರೆದರೂ ಹೆಸರು ಮಾತ್ರ 'ಕ್ವೀನ್' ಎಂದೇ ಹಾಕಲು ನಾಲ್ವರೂ ಒಪ್ಪಿಕೊಂಡಿದ್ದರು.

ಜೆನೆಸಿಸ್: ಒಡೆದ ಮೇಲೆ ಎರಡೂ ಕಡೆ ಗೆಲುವು

1975ರಲ್ಲಿ ಪೀಟರ್ ಗೇಬ್ರಿಯಲ್ ಜೆನೆಸಿಸ್ ಬಿಟ್ಟಾಗ ಬ್ಯಾಂಡ್ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ವಿಚಿತ್ರ ವೇಷ, ಮುಖವಾಡ ತೊಟ್ಟು ಹಾಡುತ್ತಿದ್ದ ಗೇಬ್ರಿಯಲ್ ಅದರ ಮುಖವಾಗಿದ್ದರು. ಕೊನೆಯ ಆಲ್ಬಂಗೆ ಸಾಹಿತ್ಯವನ್ನು ತಾನೊಬ್ಬನೇ ಬರೆಯುತ್ತೇನೆ ಎಂದು ಹಟ ಹಿಡಿದದ್ದು, ಮನೆಯಲ್ಲಿ ಹುಟ್ಟಿದ ಮಗುವಿನ ಅನಾರೋಗ್ಯ, ಬಿಡುವಿಲ್ಲದ ಪ್ರವಾಸ ಎಲ್ಲ ಸೇರಿ ಅವರು ಹೊರನಡೆದರು.

ಬ್ಯಾಂಡ್ ಹೊಸ ಗಾಯಕನಿಗಾಗಿ ಸಾಕಷ್ಟು ಹುಡುಕಾಡಿತು. ಕೊನೆಗೆ ಸಿಕ್ಕವರು ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್! 1976ರ 'ಎ ಟ್ರಿಕ್ ಆಫ್ ದ ಟೇಲ್' ಗೆದ್ದಿತು. ಮುಂದೆ ಕಾಲಿನ್ಸ್ ಕೂಡ ಸೋಲೊ ತಾರೆಯಾದರು. 1985ರ 'ನೋ ಜಾಕೆಟ್ ರಿಕ್ವೈರ್ಡ್' ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪಡೆಯಿತು. ಆದರೂ ಅವರು ಬ್ಯಾಂಡ್ ಬಿಡದೆ ಎರಡನ್ನೂ ನಡೆಸಿದರು.

ಬೇರೆಯಾದರೂ ಇವರು ಶತ್ರುಗಳಾಗಲಿಲ್ಲ. ಗೇಬ್ರಿಯಲ್ ಅವರ 1980ರ ಮೂರನೇ ಸೋಲೊ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಕಾಲಿನ್ಸ್ ಕೂಡ ಒಬ್ಬರು. ಅಲ್ಲಿ ಹುಟ್ಟಿದ, ಸ್ಫೋಟಿಸಿ ಥಟ್ಟನೆ ನಿಲ್ಲುವ ಡ್ರಮ್ಸ್ ಸದ್ದನ್ನೇ ಕಾಲಿನ್ಸ್ ತಮ್ಮ 'ಇನ್ ದ ಏರ್ ಟುನೈಟ್' ಹಾಡಿಗೆ ತಂದರು. ಎಂಬತ್ತರ ದಶಕದ ಪಾಪ್ ಸಂಗೀತದ ತುಂಬ ಆ ಸದ್ದು ಹರಡಿತು.

1986ರ ಜುಲೈನಲ್ಲಿ ಸ್ವಾರಸ್ಯದ ಸಂಗತಿಯೊಂದು ನಡೆಯಿತು. ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದ್ದ ಜೆನೆಸಿಸ್‌ನ 'ಇನ್‌ವಿಸಿಬಲ್ ಟಚ್' ಹಾಡನ್ನು ಕೆಳಗಿಳಿಸಿ ಅದೇ ಸ್ಥಾನಕ್ಕೆ ಬಂದದ್ದು ಗೇಬ್ರಿಯಲ್ ಅವರ 'ಸ್ಲೆಡ್ಜ್‌ಹ್ಯಾಮರ್'. ಬಿಟ್ಟು ಹೋದವನೂ ಉಳಿದವರೂ ಒಂದೇ ಏಣಿಯ ತುದಿಯಲ್ಲಿ ಭೇಟಿಯಾಗಿದ್ದರು. ಗೇಬ್ರಿಯಲ್ ಮುಂದೆ ಆಫ್ರಿಕಾ, ಏಷ್ಯಾದ ಸಂಗೀತಗಾರರತ್ತ ಹೊರಳಿದರು. 1989ರ 'ಪ್ಯಾಶನ್' ಆಲ್ಬಂನಲ್ಲಿ ಪಿಟೀಲು ವಾದಕ ಎಲ್. ಶಂಕರ್, ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಇದ್ದಾರೆ.

ಓಝಿ ಓಸ್‌ಬೋರ್ನ್: ಹೊರಹಾಕಿದ ಮೇಲೆ ಸಿಕ್ಕ ಎರಡನೇ ಜೀವ

ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ 1979ರಲ್ಲಿ ಗಾಯಕ ಓಝಿಯನ್ನು ಹೊರಹಾಕಿತು. ಮದ್ಯ, ಮಾದಕ ವಸ್ತುಗಳ ಅತಿ ಬಳಕೆ ಕಾರಣ. ಸಬ್ಬತ್‌ನಲ್ಲಿ ಗಿಟಾರ್ ತುಣುಕುಗಳು ಟೋನಿ ಅಯೋಮಿಯದು, ಸಾಹಿತ್ಯದ ಬಹುಪಾಲು ಗೀಜರ್ ಬಟ್ಲರ್‌ದು. ಹೀಗಿರುವಾಗ ಬರಿಗೈಲಿ ಹೊರಬಿದ್ದ ಗಾಯಕನಿಂದ ಏನಾದೀತು ಎಂಬ ಅನುಮಾನ ಸಹಜವಾಗಿತ್ತು.

ಓಝಿಗೆ ಸಿಕ್ಕವರು ಅಮೆರಿಕದ ಯುವ ಗಿಟಾರ್ ವಾದಕ ರ್‍ಯಾಂಡಿ ರೋಡ್ಸ್. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಅಭ್ಯಾಸ ಮಾಡುತ್ತಿದ್ದ ಹುಡುಗ. ಸಾಹಿತ್ಯಕ್ಕೆ ಬಾಸ್ ವಾದಕ ಬಾಬ್ ಡೇಸ್ಲಿ, ಡ್ರಮ್ಸ್‌ಗೆ ಲೀ ಕರ್ಸ್‌ಲೇಕ್. 1980ರ 'ಬ್ಲಿಝರ್ಡ್ ಆಫ್ ಓಝ್' ಮತ್ತು 1981ರ 'ಡೈರಿ ಆಫ್ ಎ ಮ್ಯಾಡ್‌ಮ್ಯಾನ್' ಆಲ್ಬಂಗಳು ಬಂದವು. ಹೆಸರಿಗೆ ಸೋಲೊ, ವಾಸ್ತವದಲ್ಲಿ ಹೊಸದೊಂದು ಬ್ಯಾಂಡ್. 1982ರ ಮಾರ್ಚ್ 19ರಂದು ಪ್ರವಾಸದ ನಡುವೆ ಫ್ಲೋರಿಡಾದಲ್ಲಿ ಸಣ್ಣ ವಿಮಾನ ಅಪಘಾತದಲ್ಲಿ ರೋಡ್ಸ್ ಸತ್ತರು. ಆಗ ಅವರಿಗೆ 25 ವರ್ಷ.

ಡೇಸ್ಲಿ ಮತ್ತು ಕರ್ಸ್‌ಲೇಕ್ ಹೆಸರು ಮತ್ತು ರಾಯಲ್ಟಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 2002ರಲ್ಲಿ ಆ ಎರಡು ಆಲ್ಬಂಗಳನ್ನು ಮರುಬಿಡುಗಡೆ ಮಾಡುವಾಗ ಇವರಿಬ್ಬರು ನುಡಿಸಿದ್ದನ್ನು ಅಳಿಸಿ ಬೇರೆಯವರಿಂದ ನುಡಿಸಿ ಸೇರಿಸಲಾಯಿತು. ಅಭಿಮಾನಿಗಳು ಸಿಟ್ಟಾದರು. 2011ರ ಆವೃತ್ತಿಯಲ್ಲಿ ಮೂಲ ವಾದನವನ್ನೇ ಮರಳಿ ತರಲಾಯಿತು. ಹಿಂದೆ ನಿಂತು ನುಡಿಸುವವರನ್ನು ಕೇಳುಗರು ಗಮನಿಸುವುದಿಲ್ಲ ಎಂಬ ಲೆಕ್ಕ ಅಲ್ಲಿ ತಪ್ಪಿತ್ತು.

ಇತ್ತ ಸಬ್ಬತ್ ಕೂಡ ರೋನಿ ಜೇಮ್ಸ್ ಡಿಯೊ ಎಂಬ ಹೊಸ ಗಾಯಕನೊಂದಿಗೆ 1980ರಲ್ಲೇ 'ಹೆವನ್ ಆ್ಯಂಡ್ ಹೆಲ್' ತಂದು ಗೆದ್ದಿತು.

ಬ್ರೂಸ್ ಡಿಕಿನ್ಸನ್, ರಾಬರ್ಟ್ ಪ್ಲಾಂಟ್: ಮರಳಿದವರು, ಮರಳದವರು

ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬ್ಯಾಂಡ್ ಬಿಟ್ಟರು. ಅವರ ಜಾಗಕ್ಕೆ ಬಂದ ಬ್ಲೇಝ್ ಬೇಲಿ ಎರಡು ಆಲ್ಬಂಗಳಲ್ಲಿ ಹಾಡಿದರು. ಡಿಕಿನ್ಸನ್ ಹಲವು ಪ್ರಯೋಗ ಮಾಡಿ, 1998ರ 'ದ ಕೆಮಿಕಲ್ ವೆಡ್ಡಿಂಗ್' ಹೊತ್ತಿಗೆ ತಮ್ಮ ದಾರಿ ಕಂಡುಕೊಂಡರು. ಆ ಆಲ್ಬಂನಲ್ಲಿ ಅವರ ಜತೆ ಗಿಟಾರ್ ಹಿಡಿದವರು ಮೇಡನ್‌ನ ಹಳೆಯ ಸಂಗಾತಿ ಏಡ್ರಿಯನ್ ಸ್ಮಿತ್. 1999ರಲ್ಲಿ ಇಬ್ಬರೂ ಒಟ್ಟಿಗೇ ಮೇಡನ್‌ಗೆ ಮರಳಿದರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಿರಾರು ಮಂದಿ ಕಂಡದ್ದು ಹೀಗೆ ಮರಳಿ ಸೇರಿದ ಮೇಡನ್ ಬ್ಯಾಂಡನ್ನೇ.

ಲೆಡ್ ಝೆಪೆಲಿನ್ ಕಥೆ ಬೇರೆ. 1980ರ ಸೆಪ್ಟೆಂಬರ್ 25ರಂದು ಡ್ರಮ್ಮರ್ ಜಾನ್ ಬೋನಮ್ ತೀರಿಕೊಂಡಾಗ ಉಳಿದ ಮೂವರು ಬೇರೊಬ್ಬರನ್ನು ಸೇರಿಸಿಕೊಳ್ಳದೆ ಬ್ಯಾಂಡನ್ನೇ ನಿಲ್ಲಿಸಿದರು. ಗಾಯಕ ರಾಬರ್ಟ್ ಪ್ಲಾಂಟ್ 1982ರಿಂದ ಸೋಲೊ ಆಲ್ಬಂಗಳನ್ನು ತಂದರು. 2007ರ ಡಿಸೆಂಬರ್ 10ರಂದು ಲಂಡನ್‌ನಲ್ಲಿ ಬೋನಮ್ ಮಗ ಜೇಸನ್‌ನನ್ನು ಡ್ರಮ್ಸ್‌ಗೆ ಕೂರಿಸಿಕೊಂಡು ಒಂದೇ ಒಂದು ಕಾರ್ಯಕ್ರಮ ನಡೆಯಿತು. ಜಗತ್ತೇ ಪ್ರವಾಸಕ್ಕಾಗಿ ಕಾದರೂ ಪ್ಲಾಂಟ್ ಒಪ್ಪಲಿಲ್ಲ. ಅದೇ ವರ್ಷ ಬ್ಲೂಗ್ರಾಸ್ ಗಾಯಕಿ ಆಲಿಸನ್ ಕ್ರಾಸ್ ಜತೆ ಮೆಲುದನಿಯಲ್ಲಿ ಹಾಡಿದ 'ರೈಸಿಂಗ್ ಸ್ಯಾಂಡ್' ಬಂದಿತ್ತು. 2009ರಲ್ಲಿ ಅದಕ್ಕೆ ವರ್ಷದ ಆಲ್ಬಂ ಗ್ರ್ಯಾಮಿ ಸಿಕ್ಕಿತು.

ಹಾಗಾದರೆ ಗೆಲ್ಲುವವರು ಯಾರು?

ಈ ಏಳು ಕಥೆಗಳಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

* ಹಾಡು ಬರೆಯುವ ಶಕ್ತಿ ಸ್ವತಃ ಇದ್ದವರಿಗೆ ದಾರಿ ಸುಲಭ. ಸ್ಟಿಂಗ್, ಗೇಬ್ರಿಯಲ್ ಇದಕ್ಕೆ ಉದಾಹರಣೆ.

* ಜೋಡಿಯಾಗಿ ಬರೆಯುತ್ತಿದ್ದವರಿಗೆ ಜೋಡಿ ಬೇಕು. ಓಝಿಗೆ ರೋಡ್ಸ್ ಸಿಕ್ಕರು. ಜಾಗರ್‌ಗೆ ರಿಚರ್ಡ್ಸ್‌ಗೆ ಸಮನಾದವರು ಸಿಗಲಿಲ್ಲ.

* ಹಳೆಯ ಬ್ಯಾಂಡ್‌ನ ಸದ್ದನ್ನೇ ಬಾಡಿಗೆ ವಾದಕರಿಂದ ಹುಟ್ಟಿಸಲಾಗದು. ಪ್ಲಾಂಟ್‌ ಹಾಗೆ ಬೇರೆಯೇ ದಾರಿ ಹಿಡಿದವರು ಉಳಿದುಕೊಂಡರು.

* ದುಡ್ಡು ಮತ್ತು ಹೆಸರಿನ ಹಂಚಿಕೆ ಮೊದಲೇ ಸರಿಯಾಗಿದ್ದರೆ ಗೆಳೆತನ ಉಳಿಯುತ್ತದೆ. ಇಲ್ಲದಿದ್ದರೆ 40 ವರ್ಷ ಕಳೆದರೂ ಕೋರ್ಟು ತಪ್ಪುವುದಿಲ್ಲ.

* ಸೋಲೊ ಹೋಗುವುದು ಎಂದರೆ ಬ್ಯಾಂಡ್ ಮುರಿಯುವುದು ಎಂದಲ್ಲ. ಕಾಲಿನ್ಸ್ ಎರಡನ್ನೂ ನಡೆಸಿದರು, ಫ್ರೆಡ್ಡಿಯೂ ಅಷ್ಟೇ.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಓಝಿ ಕೊನೆಯ ಬಾರಿ ಹಾಡಿದರು. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾಗದೆ ಸಿಂಹಾಸನದಂಥ ಕುರ್ಚಿಯಲ್ಲಿ ಕೂತಿದ್ದರು. ಮೊದಲು ತಮ್ಮ ಸೋಲೊ ಹಾಡುಗಳನ್ನು ಹಾಡಿದರು. ಕೊನೆಯಲ್ಲಿ ಅಯೋಮಿ, ಬಟ್ಲರ್ ಮತ್ತು ಡ್ರಮ್ಮರ್ ಬಿಲ್ ವಾರ್ಡ್ ವೇದಿಕೆಗೆ ಬಂದರು. 46 ವರ್ಷಗಳ ಹಿಂದೆ ತನ್ನನ್ನು ಹೊರಹಾಕಿದ ಬ್ಯಾಂಡ್ ಜತೆ, ಹುಟ್ಟಿದ ಊರಿನಲ್ಲೇ ಓಝಿ ಹಾಡು ಮುಗಿಸಿದರು. ಅದಾಗಿ 17 ದಿನಕ್ಕೆ, ಜುಲೈ 22ರಂದು, ಅವರು ತೀರಿಕೊಂಡರು.